ಮೇಲುಕೋಟೆಯಲ್ಲಿ ಕೋಟೆ ಎಲ್ಲಿದೆ? ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಬ್ಬ ಹಳೇ ಸರ್ವೆಯರ್ ಬರೆದ ಪತ್ರ

ಮಾನ್ಯರೇ,

ನಾನು 31 ವರ್ಷ ಸರ್ವೆಯರ್ ಆಗಿದ್ದವನು. ಹುಟ್ಟಿದ್ದು ಮೇಲುಕೋಟೆ ಇರುವ ಪಾಂಡವಪುರ ತಾಲ್ಲೂಕಿನದೇ ಒಂದು ಹಳ್ಳಿಯಲ್ಲಿ. ನಿವೃತ್ತನಾದ ಮೇಲೆ ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಅಳೆಯುವ ಕೆಲಸ ಬಿಟ್ಟರೂ ಅಳೆಯುವ ಚಟ ಬಿಟ್ಟಿಲ್ಲ. ಈಗಲೂ ಬದು ಕಂಡರೆ ಕಾಲು ತಾನಾಗೇ ಹೆಜ್ಜೆ ಲೆಕ್ಕ ಹಾಕುತ್ತದೆ.

ಈ ಪತ್ರಕ್ಕೆ ಕಾರಣ ಒಂದು ಭಾನುವಾರ ನಡೆದ ಸಣ್ಣ ಘಟನೆ. ಮೇಲುಕೋಟೆಯಲ್ಲಿ ಪುಳಿಯೋಗರೆ ತಿಂದು, ಬಿಸಿಲು ಇಳಿಯಲಿ ಎಂದು ಬಂಡೆಯ ನೆರಳಲ್ಲಿ ಕೂತಿದ್ದೆ. ಬೆಂಗಳೂರಿನ ಕಡೆಯವರಂತೆ ಕಂಡ ನಾಲ್ಕು ಹುಡುಗರು ಬಂದರು. ಒಬ್ಬ ಕೇಳಿದ: "ಅಂಕಲ್, ಇಲ್ಲಿ ಕೋಟೆ ಎಲ್ಲಿದೆ? ಮೊಬೈಲಲ್ಲಿ ತೋರಿಸ್ತಾನೇ ಇಲ್ಲ." ಅವನು ಒಂದು ಕಾಲು ಎತ್ತಿ ಇಟ್ಟುಕೊಂಡಿದ್ದದ್ದೇ ಕೋಟೆ ಗೋಡೆಯ ಕಲ್ಲಿನ ಮೇಲೆ! ಅದನ್ನೇ ತೋರಿಸಿದೆ. ನಕ್ಕರು. "ಇದು ಸುಮ್ನೆ ಹಳೇ ಕಾಂಪೌಂಡ್ ಅಲ್ವಾ ಅಂಕಲ್?" ಸರಿ, ಪೂರ್ತಿ ಕೋಟೆ ಎಲ್ಲಿಂದ ಎಲ್ಲಿವರೆಗೆ ಇದೆ ಹೇಳಿ ಎಂದರು. ನನಗೆ ಹೇಳಲು ಬರಲಿಲ್ಲ. ಆ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದ ಸರ್ವೆಯರ್‌ಗೆ ಇದಕ್ಕಿಂತ ಅವಮಾನ ಬೇಕಾ?

ಮನೆಗೆ ಬಂದ ಮೇಲೂ ಅದೇ ಯೋಚನೆ. ಊರಿನ ಹೆಸರಲ್ಲೇ ಕೋಟೆ ಇದೆ. ಮೇಲಿರುವ ಕೋಟೆ, ಮೇಲುಕೋಟೆ. 2008ರಿಂದ ವಿಧಾನಸಭಾ ಕ್ಷೇತ್ರಕ್ಕೂ ಅದೇ ಹೆಸರು. ಆದರೆ ಬರುವ ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿ ಚೆಲುವನಾರಾಯಣನ ಗುಡಿ ನೋಡುತ್ತಾರೆ, ಮೆಟ್ಟಿಲು ಹತ್ತಿ ಯೋಗಾನರಸಿಂಹನಿಗೆ ಕೈ ಮುಗಿಯುತ್ತಾರೆ, ಕಲ್ಯಾಣಿಯ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಾರೆ, ಪೊಟ್ಟಣ ಕಟ್ಟಿಸಿಕೊಂಡು ಇಳಿಯುತ್ತಾರೆ. ಅವರ ತಪ್ಪಲ್ಲ ಇದು. ನಾವೇ ಅವರಿಗೆ ಬೇರೆ ಏನನ್ನೂ ತೋರಿಸಿಲ್ಲ. ಎರಡು ದೇವಸ್ಥಾನ, ಒಂದು ಕೊಳ, ಮಧ್ಯೆ ಸಿಗುವುದೆಲ್ಲ ಪಾರ್ಕಿಂಗ್ ಜಾಗ, ಹೀಗೆ ಆಗಿಹೋಗಿದೆ.

ಮೇಲುಕೋಟೆ ಒಂದು ಊರು, ಬರೀ ದೇವಸ್ಥಾನ ಅಲ್ಲ. ನಾನು ಬರೆಯುತ್ತಿರುವುದು ಆ ಊರಿನ ಪರವಾಗಿ.

ಈ ಬೆಟ್ಟಕ್ಕೆ ಯದುಗಿರಿ, ಯಾದವಗಿರಿ ಎಂದು ಹಳೆಯ ಹೆಸರು. ತಮಿಳು ಬಲ್ಲವರಿಗೆ ತಿರುನಾರಾಯಣಪುರ. ಚೋಳರ ನಾಡು ಬಿಟ್ಟು ಬಂದ ರಾಮಾನುಜಾಚಾರ್ಯರು ಹೊಯ್ಸಳರ ಬಿಟ್ಟಿದೇವನ ಕಾಲದಲ್ಲಿ ಇಲ್ಲಿ ನೆಲೆ ನಿಂತರು. ಹನ್ನೆರಡು ವರ್ಷ ಇದ್ದರು ಎಂಬುದು ಊರಿನವರ ಲೆಕ್ಕ. ಹುತ್ತದಲ್ಲಿ ಮೂಲದೇವರು ಸಿಕ್ಕಿದ್ದು, ಉತ್ಸವಮೂರ್ತಿ ಚೆಲುವಪಿಳ್ಳೆ ದಿಲ್ಲಿಯಿಂದ ಬಂದದ್ದು, ಅವನನ್ನು ಬಿಟ್ಟಿರಲಾರದೆ ಹಿಂದೆಯೇ ಬಂದ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ದೇವರ ಪಾದದಲ್ಲೇ ಜಾಗ ಪಡೆದದ್ದು, ಈ ಕಥೆಗಳನ್ನು ಹೇಳದ ಮನೆ ಅಲ್ಲಿಲ್ಲ. ಮೂರ್ತಿಯನ್ನು ತರಲು ನೆರವಾದ ದಲಿತರನ್ನು ಆಚಾರ್ಯರು ತಿರುಕುಲದವರು ಎಂದು ಕರೆದರು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬರುವ ಹಕ್ಕು ಕೊಟ್ಟರು ಎಂದೂ ಹೇಳುತ್ತಾರೆ. ಉಳಿದ ದಿನಗಳ ಕಥೆ ಏನು ಎಂದು ನನ್ನಂಥವನು ಕೇಳದೆ ಇರಲಾರ. ಆದರೂ ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಆಮೇಲೆ ದಿಲ್ಲಿಯ ದಂಡುಗಳು ದಕ್ಷಿಣಕ್ಕೆ ಬಂದವು, ಹೊಯ್ಸಳರು ಹೋದರು, ವಿಜಯನಗರದವರು ಬಂದರು. ಹಾಳುಬಿದ್ದದ್ದನ್ನು ಮತ್ತೆ ಎತ್ತಿ ನಿಲ್ಲಿಸಿದವನು ನಾಗಮಂಗಲದ ತಿಮ್ಮಣ್ಣ ದಂಡನಾಯಕ. ಅವನ ಹೆಂಡತಿ ರಂಗಾಂಬಿಕೆ 1458ರಲ್ಲಿ ರಂಗಮಂಟಪ ಕಟ್ಟಿಸಿದಳು. ಗುಡಿ ಕಟ್ಟಿಸಿದ ಗಂಡಸರ ಹೆಸರು ಎಲ್ಲ ಕಡೆ ಸಿಗುತ್ತದೆ, ಹೆಂಗಸರದ್ದು ಸಿಗುವುದು ಕಮ್ಮಿ. ಆದರೆ ಮೇಲುಕೋಟೆಯಲ್ಲಿ ಇನ್ನೂ ಇಬ್ಬರು ಹೆಂಗಸರಿದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ರಾಜ ಒಡೆಯರು ಈ ದೇವರಿಗೆ ಒಂದು ಕಿರೀಟ ಕೊಟ್ಟರು. ಅದೇ ರಾಜಮುಡಿ. ಗುಡಿಯ ಕಂಬವೊಂದರಲ್ಲಿ ಕೈ ಮುಗಿದು ನಿಂತ ಅವರ ಉಬ್ಬುಶಿಲ್ಪ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟದ್ದು ಕೃಷ್ಣರಾಜಮುಡಿ. ಇನ್ನು ವಜ್ರದ ಕಿರೀಟ ವೈರಮುಡಿಯಂತೂ ಗರುಡನೇ ತಂದದ್ದು, ಅದಕ್ಕೆ ಹಗಲಿನ ಬೆಳಕು ಸೋಕಬಾರದು ಎಂಬ ನಂಬಿಕೆ. ಆದ್ದರಿಂದಲೇ ಉತ್ಸವ ರಾತ್ರಿ.

ಇಲ್ಲೇ ನನಗೆ ಒಂದು ವಿಷಯ ಹೊಳೆದದ್ದು. ವೈರಮುಡಿ ಇರುವುದು ಎಲ್ಲಿ? ನಿಮ್ಮ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಮಂಡ್ಯದಿಂದ ಹೊರಡುತ್ತದೆ. ದಾರಿಯುದ್ದ ಹಳ್ಳಿಯವರು ಚಪ್ಪರ ಹಾಕಿ, ರಂಗೋಲಿ ಬಿಟ್ಟು, ಪೂಜೆ ಮಾಡಿ ಕಳಿಸುತ್ತಾರೆ. ಚಿಕ್ಕವನಿದ್ದಾಗ ನಮ್ಮಪ್ಪನ ಹೆಗಲ ಮೇಲೆ ಕೂತು ಆ ಪೆಟ್ಟಿಗೆ ಹೋಗುವುದನ್ನು ನೋಡಿದ್ದೇನೆ. ಕಿರೀಟ ಹೊರಬಂದಾಗ ಒಂದು ಸಹಿ, ಒಳಗೆ ಹೋದಾಗ ಇನ್ನೊಂದು ಸಹಿ. ಒಂದೊಂದು ಹರಳಿಗೂ ಲೆಕ್ಕ. ಅದು ಹಾಗೇ ಇರಬೇಕು, ಬೇಡ ಅನ್ನುತ್ತಿಲ್ಲ. ಆದರೆ ಆ ಕಿರೀಟವನ್ನು ಹೊತ್ತುಕೊಳ್ಳುವ ಊರಿನ ಗೋಡೆಯಿಂದ ಒಂದು ದಿಂಡುಗಲ್ಲು ಕಿತ್ತುಕೊಂಡು ಹೋದರೆ ಯಾವ ಪುಸ್ತಕದಲ್ಲಿ ಬರೆಯುತ್ತೀರಿ?

ಗೋಡೆ ಇದ್ದೂ ಊರು ಉಳಿಯದ ಸಂದರ್ಭವೂ ಇದೆ, ಅದನ್ನೂ ಹೇಳಬೇಕು. 1771ರಲ್ಲಿ ತ್ರ್ಯಂಬಕರಾಯನ ಮರಾಠಾ ದಂಡು ಚಿನಕುರಳಿ ಹತ್ತಿರ ಹೈದರ್ ಅಲಿಯನ್ನು ಸೋಲಿಸಿತು. ಚಿನಕುರಳಿ ನಮ್ಮ ತಾಲ್ಲೂಕಿನದೇ ಊರು, ಈಗ ಬಸ್ ನಿಲ್ಲಿಸಿ ಎಳನೀರು ಕುಡಿಯುವ ಜಾಗ. ಗೆದ್ದ ದಂಡು ಮೇಲುಕೋಟೆಗೆ ನುಗ್ಗಿತು. ಜನ ಊರು ಬಿಟ್ಟು ಕಾಡು ಸೇರಿದ್ದರು. ಲೂಟಿ ಆಯಿತು. ಗುಡಿಯ ಹೊರಗೆ ದೊಡ್ಡ ಮರದ ತೇರುಗಳು ನಿಂತಿದ್ದವು. ಅವುಗಳಲ್ಲಿದ್ದ ಕಬ್ಬಿಣಕ್ಕಾಗಿ ತೇರಿಗೇ ಬೆಂಕಿ ಇಟ್ಟರು. ಬೆಂಕಿ ಹಬ್ಬಿ ಸುತ್ತಲಿನ ಕಟ್ಟಡಗಳೂ ಸುಟ್ಟವು. ಕಬ್ಬಿಣದ ಆಸೆಗೆ ತೇರು ಸುಡುವುದು! ಈ ಸಂಗತಿ ಮೊದಲು ಓದಿದಾಗ ಸಿಟ್ಟು ಬಂತು. ಆಮೇಲೆ, ಹಟ್ಟಿಯ ಗೋಡೆಗೆ ಕೋಟೆ ಕಲ್ಲು, ಜಗುಲಿಗೆ ಕೊಳದ ಮೆಟ್ಟಿಲು ಬಳಸಿದ ಎಷ್ಟು ಮನೆ ನಾನೇ ಅಳೆದಿಲ್ಲ ಎಂದು ನೆನಪಾಗಿ ಸುಮ್ಮನಾದೆ. ಮೇಲುಕೋಟೆ ಒಂದೇ ಅಲ್ಲ, ತಾಲ್ಲೂಕಿನ ತುಂಬ ಇದೇ ಕಥೆ.

ಟಿಪ್ಪುವಿನ ವಿಷಯ ಬಂದರೆ ಇವತ್ತು ಎಲ್ಲರ ದನಿ ಏರುತ್ತದೆ. ಮೇಲುಕೋಟೆಯಲ್ಲಿ ಏರುವುದಿಲ್ಲ. ಊರಿನ ಕೆಲವು ಅಯ್ಯಂಗಾರ್ ಮನೆತನಗಳಲ್ಲಿ ಇವತ್ತಿಗೂ ನರಕ ಚತುರ್ದಶಿ ಆಚರಿಸುವುದಿಲ್ಲ. ತಮ್ಮ ಹಿರಿಯರನ್ನು ಟಿಪ್ಪು ಆ ದಿನ ಕೊಲ್ಲಿಸಿದ ಎಂಬ ನೆನಪು ಅವರದು. ಅದೇ ಊರಿನ ಬೆಟ್ಟದ ಮೇಲೆ ನರಸಿಂಹನ ಗುಡಿಯಲ್ಲಿರುವ ದೊಡ್ಡ ನಗಾರಿಯನ್ನು ಟಿಪ್ಪು ಕೊಟ್ಟದ್ದು ಎನ್ನುತ್ತಾರೆ. ದೀಪ ಹಚ್ಚದ ಮನೆಯ ಯಜಮಾನರೊಬ್ಬರೇ ನನಗೆ ಆ ನಗಾರಿಯ ವಿಷಯ ಹೇಳಿದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಕಾಫಿ ತರಿಸಿದರು. ಊರಿನ ಗುಣ ಎಂದರೆ ನನಗೆ ಇದೇ.

ಇಂಥ ಊರಲ್ಲಿ ಇನ್ನೂ ಏನೇನಿದೆ ಅಂತೀರಿ? ನಾಮ ಇಟ್ಟುಕೊಳ್ಳುವ ಬಿಳಿ ಮಣ್ಣು ಇಲ್ಲೇ ಸಿಗುತ್ತದೆ. ಕೈಮಗ್ಗದ ಪಂಚೆ ಹೆಸರುವಾಸಿ. 1854ರಲ್ಲಿ ಶುರುವಾದ ಸಂಸ್ಕೃತ ಪಾಠಶಾಲೆ ಇದೆ. ಓಲೆಗರಿ ಕಟ್ಟುಗಳನ್ನು ಜೋಪಾನ ಮಾಡುವ ಸಂಸ್ಕೃತ ಸಂಶೋಧನಾ ಸಂಸತ್ತು ಇದೆ. 1960ರಲ್ಲಿ ಶುರುವಾದ ಜನಪದ ಸೇವಾ ಟ್ರಸ್ಟಿನವರು ಖಾದಿ ನೇಯುತ್ತಾ ಗಾಂಧಿಯ ದಾರಿಯಲ್ಲಿ ನಡೆಯುತ್ತಿದ್ದಾರೆ. ಕವಿ ಪು.ತಿ.ನ. 1905ರಲ್ಲಿ ಇಲ್ಲೇ ಹುಟ್ಟಿದರು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ 1948ರಲ್ಲಿ ಹುಟ್ಟಿದ್ದೂ ಇಲ್ಲೇ. ಕಾವೇರಿ ನೀರಿನ ಗಲಾಟೆ ಜೋರಾದಾಗಲೆಲ್ಲ ನಮ್ಮ ಕಡೆಯವರು ಅದನ್ನು ನೆನಪಿಸಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಬೆಟ್ಟದ ಸುತ್ತ 1974ರಲ್ಲಿ ತೋಳಗಳಿಗಾಗಿಯೇ ಅಭಯಾರಣ್ಯ ಮಾಡಿದ್ದಾರೆ, ಸುಮಾರು 50 ಚದರ ಕಿಲೋಮೀಟರ್. ಗಮನಿಸಿ, ತೋಳದ ಜಾಗಕ್ಕೆ ಗಡಿ ಗುರುತು ಇದೆ.

ಈಗ ಆ ಇಬ್ಬರು ಹೆಂಗಸರ ವಿಷಯ. ಅಕ್ಕತಂಗಿಯರ ಕೊಳ ನೀವು ನೋಡಿರುತ್ತೀರಿ. ಪಕ್ಕಪಕ್ಕದಲ್ಲೇ ಎರಡು ಕೊಳ, ನಡುವೆ ಕಲ್ಲಿನ ಕಟ್ಟೆ. ಅಕ್ಕ ತಂಗಿ ಇಬ್ಬರೂ ಒಂದೊಂದು ಕೊಳ ಕಟ್ಟಿಸಿದರಂತೆ. ಒಬ್ಬಳು ಖರ್ಚಿಗೆ ಲೆಕ್ಕ ಇಟ್ಟಳು, ಇನ್ನೊಬ್ಬಳು ಲೆಕ್ಕ ಇಡದೆ ಧಾರಾಳವಾಗಿ ಕೊಟ್ಟಳು. ಲೆಕ್ಕ ಇಟ್ಟವಳ ಕೊಳದ ನೀರು ಕೆಟ್ಟಿತು, ಇನ್ನೊಬ್ಬಳದು ಸಿಹಿಯಾಗಿ ಉಳಿಯಿತು. ಹೀಗೆ ಕಥೆ.

ಲೆಕ್ಕದ ಕೆಲಸವೇ ಮಾಡಿದವನಿಗೆ ಈ ಕಥೆ ಕೇಳಿದಾಗಲೆಲ್ಲ ಸ್ವಲ್ಪ ಕಸಿವಿಸಿ. ಕೊಳದ ಹತ್ತಿರ ಹುರಿಗಡಲೆ ಮಾರುವ ಒಬ್ಬ ಅಜ್ಜಿಗೆ ಒಂದು ಸಲ ಹಾಗೇ ಹೇಳಿದೆ. ಅಜ್ಜಿ ನಕ್ಕಿತು. "ಅಯ್ಯೋ ಮಗ, ಅವ್ಳು ದುಡ್ಡಿನ್ ಲೆಕ್ಕ ಮಡಗಿದ್ಲು. ನೀರಿನ್ ಲೆಕ್ಕ ಯಾರ್ ಮಡಗವ್ರೆ ಹೇಳು?"

ನೋಡಿ, ಇದೇ ಮಾತು ನಿಮ್ಮ ಕಚೇರಿಯ ಗೋಡೆಗೆ ಬರೆಸುವಂಥದ್ದು. ಮೇಲುಕೋಟೆಗೆ ದುಡ್ಡು ಬಂದಿಲ್ಲ ಅಂತಲ್ಲ. ಉತ್ಸವ ಬಂದಾಗ ದೀಪ, ರಸ್ತೆ, ಬ್ಯಾರಿಕೇಡು, ಪೆಂಡಾಲು. ಎಲ್ಲಕ್ಕೂ ಬಿಲ್ಲು. ಆದರೆ ನೂರೆಂಟು ಕೊಳ ಎಂದು ಊರಿನವರು ಹೇಳುತ್ತಾರಲ್ಲ, ಅದರಲ್ಲಿ ಎಷ್ಟು ಉಳಿದಿವೆ, ಎಷ್ಟರಲ್ಲಿ ನೀರಿದೆ, ಎಷ್ಟು ಮುಚ್ಚಿಹೋಗಿವೆ? ಬೆಟ್ಟದ ತಲೆಯ ಮೇಲೆ ಊರು ಕಟ್ಟಿದವರಿಗೆ ನದಿ ಇರಲಿಲ್ಲ, ಬೋರ್‌ವೆಲ್ ಇರಲಿಲ್ಲ. ಮಳೆ ಒಂದೇ. ಬಂಡೆಯಿಂದ ಬಂಡೆಗೆ ಹರಿಯುವ ನೀರನ್ನು ಕಾಲುವೆಯಲ್ಲಿ ತಿರುಗಿಸಿ, ಒಂದು ಕೊಳ ತುಂಬಿದ ಮೇಲೆ ಇನ್ನೊಂದಕ್ಕೆ ಬಿಟ್ಟು ಬದುಕಿದರು. ಗೋಡೆ ಶತ್ರುವನ್ನು ತಡೆದಿತೋ ಇಲ್ಲವೋ, 1771 ನೋಡಿದರೆ ಇಲ್ಲ ಎನ್ನಬೇಕು. ಊರನ್ನು ಉಳಿಸಿದ್ದು ನೀರು. ಕೋಟೆ ಎಂದರೆ ಗೋಡೆ ಒಂದೇ ಅಲ್ಲ, ಒಳಗಿನ ನೀರೂ ಸೇರಿ ಕೋಟೆ. ಕೊಳಕ್ಕೆ ನೀರು ತರುವ ಕಾಲುವೆಗೆ ಅಡ್ಡ ಒಂದು ಕಾಂಕ್ರೀಟ್ ರಸ್ತೆ ಹಾಕಿದರೆ ಸಾಕು, ಕೊಳದ ಹೂಳು ಎಷ್ಟು ಸಲ ತೆಗೆಸಿದರೂ ಪ್ರಯೋಜನ ಇಲ್ಲ.

ತುಲಾ ಮಾಸದಲ್ಲಿ ಅಷ್ಟತೀರ್ಥೋತ್ಸವ ಆಗುತ್ತದೆ. ಬೆಟ್ಟದ ಸುತ್ತಲಿನ ಎಂಟು ತೀರ್ಥಗಳಿಗೆ ಜನ ನಡೆದು ಹೋಗುತ್ತಾರೆ, ಕೊನೆಗೆ ತೊಟ್ಟಿಲಮಡು. ಮಕ್ಕಳ ಹರಕೆ ಹೊತ್ತ ದಂಪತಿಗಳು ಬರುತ್ತಾರೆ. ನನ್ನ ಹೆಂಡತಿಯ ಜೊತೆ ಮದುವೆಯಾದ ಮೂರನೇ ವರ್ಷ ಆ ದಾರಿ ನಡೆದಿದ್ದೇನೆ. ಆಗ ನನಗೆ ಅನಿಸಿದ್ದು, ಇದು ಜಾತ್ರೆಯ ಹೆಸರಿನಲ್ಲಿ ನಡೆಯುವ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ. ವರ್ಷಕ್ಕೊಮ್ಮೆ ಊರೆಲ್ಲ ಸೇರಿ ತನ್ನ ನೀರಿನ ನೆಲೆಗಳನ್ನು ಕಾಲಿನಲ್ಲಿ ಅಳೆದು ಬರುತ್ತದೆ. ಹೆಂಡತಿಗೆ ಹೇಳಿದೆ. "ಇಲ್ಲೂ ನಿಮ್ದು ಸರ್ವೇನಾ?" ಎಂದಳು.

ಈಗ ನನ್ನ ಕೋರಿಕೆ. ಮೇಲುಕೋಟೆಯ ಕೋಟೆಯನ್ನು ಅಳತೆ ಮಾಡಿಸಿ. ಗೋಡೆ, ಬಾಗಿಲು, ಕೊಳ, ಕೊಳಕ್ಕೆ ನೀರು ತರುವ ಕಾಲುವೆ, ಬೆಟ್ಟ ಹತ್ತುವ ಹಳೆಯ ಕಾಲುದಾರಿ, ಮಂಟಪ ಎಲ್ಲವನ್ನೂ. ಪುರಾತತ್ವದವರು, ಕಂದಾಯದವರು, ಮುಜರಾಯಿಯವರು, ಅರಣ್ಯದವರು, ಪಂಚಾಯ್ತಿಯವರು ಒಟ್ಟಿಗೆ ನಿಂತು ಮಾಡಬೇಕು. ಬೇರೆ ಬೇರೆ ಮಾಡಿದರೆ ಏನಾಗುತ್ತದೆ ಎಂದು ನನ್ನ 31 ವರ್ಷದ ಅನುಭವ ಹೇಳುತ್ತದೆ: ಐದು ನಕ್ಷೆ ಬರುತ್ತವೆ, ಐದರಲ್ಲೂ ಗೋಡೆ ಪಕ್ಕದವರ ಜಾಗದಲ್ಲಿ ಇರುತ್ತದೆ. ಹಳೆಯ ಸರ್ವೆ ಟಿಪ್ಪಣಿ, ಗ್ರಾಮ ನಕಾಶೆ ಮುಂದಿಟ್ಟುಕೊಂಡು ಯಾವುದು ಗ್ರಾಮಠಾಣಾ (ಊರಿನ ಮನೆಗಳಿರುವ ಜಾಗ), ಯಾವುದು ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಂದು ಸ್ಥಳದಲ್ಲೇ ಗುರುತು ಹಾಕಿ ಗಡಿಯ ಬಾಂದು ಕಲ್ಲು ನೆಡಿಸಿ. ಇಂಥ ಅಳತೆ ಈಗಾಗಲೇ ಯಾವುದಾದರೂ ಬೀರುವಿನಲ್ಲಿದ್ದರೆ ಇನ್ನೂ ಒಳ್ಳೆಯದು. ಪಂಚಾಯ್ತಿ ಕಟ್ಟಡದ ಮುಂದೆ ದೊಡ್ಡದಾಗಿ ಬರೆಸಿ ಹಾಕಿ.

ಮೊದಲು ನಾವು 33 ಅಡಿಯ ಚೈನು ಎಳೆಯುತ್ತಿದ್ದೆವು, ಒಂದು ಚೈನಿಗೆ ಆಣೆ ಎಂಬ 16 ಭಾಗ. ಬಂಡೆ ಮೇಲೆ ಎಳೆದರೆ ಮೊಣಕಾಲು ತರಚುತ್ತಿತ್ತು. ಈಗ ಡ್ರೋನ್ ಇದೆ, ನಿಮಗೆ ಇದು ಒಂದು ವಾರದ ಕೆಲಸ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕಾಲಿನ್ ಮೆಕೆಂಜಿ ಇಡೀ ಮೈಸೂರು ಸೀಮೆಯ ಸರ್ವೆಗೆ ಇಳಿದ. ವರ್ಷಗಟ್ಟಲೆ ಅಲೆದ. ಜಮೀನಿನ ಜೊತೆ ಶಾಸನ, ಕೈಫಿಯತ್ತು ಎಂಬ ಊರಿನ ವೃತ್ತಾಂತ, ಕಥೆಗಳನ್ನೂ ಬರೆಸಿಕೊಂಡ. ಪರಂಗಿಯವನು ತನ್ನ ಲಾಭಕ್ಕೇ ಮಾಡಿದ, ಒಪ್ಪುತ್ತೇನೆ. ಆದರೆ ಊರನ್ನು ಅಳೆಯುವಾಗ ಊರಿನವರ ಮಾತನ್ನೂ ಬರೆದುಕೊಳ್ಳಬೇಕು ಎಂಬ ಬುದ್ಧಿ ಅವನಿಗಿತ್ತು. ನಿಮ್ಮ ತಂಡ ಹೋದಾಗ ದಯವಿಟ್ಟು ಡ್ರೋನ್ ಹಾರಿಸಿ ಬಂದುಬಿಡಬೇಡಿ. ಯಾವ ಕೊಳದ ಹೆಸರೇನು, ಮಳೆ ಬಂದಾಗ ನೀರು ಯಾವ ಕಡೆಯಿಂದ ಇಳಿಯುತ್ತದೆ ಎಂಬುದು ಆ ಹುರಿಗಡಲೆ ಅಜ್ಜಿಗೆ ಗೊತ್ತು. ಡ್ರೋನಿಗೆ ಗೊತ್ತಿಲ್ಲ.

ಒಂದು ಹಳೇ ತಪ್ಪೊಪ್ಪಿಗೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಒಬ್ಬರ ನಿವೇಶನ ಅಳೆಯಲು ಹೋಗಿದ್ದೆ. ಹಿಂದುಗಡೆ ಹಳೇ ಕೋಟೆಯ ಗೋಡೆ ಇತ್ತು. ಅದು ಯಾರ ಪಾಲಿಗೆ ಎಂದು ದಾಖಲೆಯಲ್ಲಿ ಇರಲಿಲ್ಲ. ಮೇಲಿನವರನ್ನು ಕೇಳಿದೆ. "ಕಲ್ಲು ತಾನೆ, ಬಿಟ್ಟುಬಿಡಿ" ಎಂದರು. ಬಿಟ್ಟುಬಿಟ್ಟೆ. ಮುಂದಿನ ವರ್ಷ ಹೋದಾಗ ಗೋಡೆ ಇರಲಿಲ್ಲ, ಅದೇ ಕಲ್ಲಿನ ಪಾಯದ ಮೇಲೆ ಎರಡು ಅಂತಸ್ತು ಎದ್ದಿತ್ತು. ಯಾರೂ ಕಾನೂನು ಮುರಿದಿರಲಿಲ್ಲ. ಪುಸ್ತಕದಲ್ಲಿ ಇಲ್ಲದ ಗೋಡೆಯನ್ನು ಕಿತ್ತರೆ ಯಾರನ್ನು ಕೇಳುತ್ತೀರಿ? ಮೇಲುಕೋಟೆಯ ವಿಷಯದಲ್ಲಿ ನಾನು ಇಷ್ಟು ಹಟ ಮಾಡುವುದಕ್ಕೆ ಅದೇ ಕಾರಣ.

ಉಳಿದದ್ದು ಚುಟುಕಾಗಿ. ಶನಿವಾರ, ಭಾನುವಾರ ಕಾರುಗಳನ್ನು ಜಕ್ಕನಹಳ್ಳಿಯಲ್ಲೇ ನಿಲ್ಲಿಸಿ, ಅಲ್ಲಿಂದ ಬಸ್ ಬಿಡಿ. ಬೀದಿಯಲ್ಲಿ ನಡೆದರೆ ತಾನೆ ಜನಕ್ಕೆ ಜಗುಲಿ, ಕಂಬ, ನಾಡಹೆಂಚು ಕಾಣುವುದು. ಹಳೆಯ ಮನೆ ರಿಪೇರಿ ಮಾಡಿಸುವವರಿಗೆ ಏನಾದರೂ ನೆರವು ಕೊಡಿ. ಮರ, ಹೆಂಚು ಹಾಕಿಸುವುದಕ್ಕಿಂತ ಆರ್‌ಸಿಸಿ ಅಗ್ಗ ಆಗಿರುವವರೆಗೆ ಉಪದೇಶ ಯಾರೂ ಕೇಳುವುದಿಲ್ಲ. ಮತ್ತೆ ಶೂಟಿಂಗ್. ಅರ್ಧಕ್ಕೇ ನಿಂತ ಹಳೆಯ ಹೆಬ್ಬಾಗಿಲು ರಾಯಗೋಪುರ, ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾಗಿ ನಿಂತುಹೋದದ್ದು ಎಂದು ಕಥೆ. ಆ ಎತ್ತರದ ಕಂಬಗಳು ಸಿನಿಮಾದವರಿಗೆ ಬಲು ಇಷ್ಟ. ಬರಲಿ, ಊರಿಗೂ ನಾಲ್ಕು ಕಾಸು ಆಗುತ್ತದೆ. ಆದರೆ ಕಲ್ಲಿಗೆ ಮೊಳೆ ಹೊಡೆಯಬಾರದು, ಬಣ್ಣ ಬಳಿಯಬಾರದು, ಹೋಗುವಾಗ ಥರ್ಮೋಕೋಲ್ ಬಿಟ್ಟು ಹೋಗಬಾರದು. ಮುಂಗಡ ಠೇವಣಿ ಇಡಿಸಿಕೊಳ್ಳಿ, ಹಾಳು ಮಾಡಿದರೆ ಮುಟ್ಟುಗೋಲು. ಪೊಲೀಸರೂ ಬೇಡ, ಗಲಾಟೆಯೂ ಬೇಡ.

ಕೆಲಸ ಶುರುವಾಗುವ ದಿನ ತಿಳಿಸಿದರೆ ನಾನೂ ಬರುತ್ತೇನೆ. ಸಂಬಳ, ಭತ್ಯೆ ಏನೂ ಬೇಡ. ಟೇಪಿನ ಒಂದು ತುದಿ ಹಿಡಿಯಲು ಈಗಲೂ ಕೈ ಗಟ್ಟಿಯಿದೆ. ಬೆಳಗ್ಗೆ ಆರಕ್ಕೇ ಶುರುಮಾಡಿ, ಹತ್ತರ ಮೇಲೆ ಬಂಡೆ ಕಾದು ಕಾಲಿಡಲು ಆಗುವುದಿಲ್ಲ. ಎಲ್ಲಿಂದ ಶುರು ಎಂದು ಕೇಳಿದರೆ ಆ ಹುಡುಗ ಕಾಲಿಟ್ಟಿದ್ದ ಕಲ್ಲಿನಿಂದಲೇ ಆಗಲಿ. ಅದರ ಪಕ್ಕ ಒಂದು ಕಳ್ಳಿ ಗಿಡ ಇದೆ, ನಾನು ಸುಣ್ಣದಲ್ಲಿ ಗುರುತು ಮಾಡಿ ಬಂದಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ವೆಯರ್, ಮೈಸೂರು